ಸ್ಕೂಲ್ ಒಂದು ಕಡೆ, ಥೆರಪಿ ಒಂದು ಕಡೆ, ಡಾಕ್ಟ್ರು ಇನ್ನೊಂದು ಕಡೆ: ಪುಣೆಯಲ್ಲಿ ಇದನ್ನೆಲ್ಲ ಯಾರು ಹೊಂದಿಸ್ತಾರೆ?

ಹುಬ್ಬಳ್ಳಿಯಿಂದ ಪುಣೆಗೆ ಬಂದು ಆರು ತಿಂಗಳಾಯ್ತು, ಮಗನಿಗೆ ನಾಲ್ಕು ವರ್ಷ, ಆಟಿಸಂ ಅಂದಿದಾರೆ, ಥೆರಪಿಸ್ಟ್ ಒಂದು ಹೇಳಿದ್ರೆ ಸ್ಕೂಲಲ್ಲಿ ಇನ್ನೊಂದು ಹೇಳ್ತಾರೆ, ಡಾಕ್ಟ್ರಿಗೆ ಎರಡೂ ಗೊತ್ತಿಲ್ಲ, ಇಂಗ್ಲೆಂಡಲ್ಲಿರೋ ತಂಗಿ ನೋಡಿದ್ರೆ ಅಲ್ಲಿ ಎಲ್ಲಾ ಸೇರಿಸಿ ಒಂದೇ ಪ್ಲಾನ್ ಮಾಡ್ಕೊಡ್ತಾರೆ ಅಂತಾಳೆ, ಇಲ್ಲಿ ಹಂಗೇನಾದ್ರೂ ಇದೆಯಾ ಅಂತ ಕೇಳಿದೀರ.

ಇಲ್ಲ ರೀ. ತಂಗಿ ಹೇಳಿದ್ದು ನಿಜ, ಅಲ್ಲಿ 2014ರ ಕಾನೂನಲ್ಲಿ ಇಎಚ್‌ಸಿ ಪ್ಲಾನ್ ಅಂತ ಬಂತು, ಓದು, ಆರೋಗ್ಯ, ಆರೈಕೆ ಮೂರೂ ಒಂದೇ ಕಾಗದದಲ್ಲಿ, ಬೇಕಿದ್ರೆ 25 ವರ್ಷದವರೆಗೂ ನಡೆಯುತ್ತೆ, ಅರ್ಜಿ ಹಾಕಿದ 20 ವಾರದೊಳಗೆ ಅಲ್ಲಿನ ಕೌನ್ಸಿಲ್ ಮುಗಿಸಬೇಕು, ವರ್ಷಕ್ಕೊಂದ್ಸಲ ಕೂತು ಮತ್ತೆ ನೋಡಬೇಕು. (ಆ 20 ವಾರ ಅಲ್ಲೂ ಎಷ್ಟೋ ಸಲ ತಪ್ಪುತ್ತಂತೆ, ಜಾಸ್ತಿ ಹೊಟ್ಟೆ ಉರ್ಕೋಬೇಡಿ.) ನಮ್ಮಲ್ಲಿ ಏನಾಗುತ್ತೆ ಅಂದ್ರೆ ಸ್ಕೂಲಿನ ಐಇಪಿ (ಆ ಮಗೂಗೆ ಅಂತಾನೇ ಮಾಡಿದ ಕಲಿಕೆ ಪ್ಲಾನ್) ಸ್ಕೂಲ್ ಬೀರುವಲ್ಲಿ, ಥೆರಪಿ ಗೋಲು ಸೆಂಟರಿನ ಫೈಲಲ್ಲಿ, ಮಾತ್ರೆ ಚೀಟಿ ಅಮ್ಮನ ಪರ್ಸಲ್ಲಿ. ಉಳಿದಿದ್ದೆಲ್ಲ ಅಮ್ಮನ ತಲೇಲಿ.

ನಮ್ಮನೇಲೂ ಹಂಗೇ ಇತ್ತು. ನಾನು ಚಾಕಣ್‌ನಲ್ಲಿ ಶಿಫ್ಟ್ ಕೆಲಸ ಮಾಡೋನು, ಮನೆ ಚಿಂಚವಡದಲ್ಲಿ, ಮಗನಿಗೆ ಈಗ ಒಂಬತ್ತು, ಆಟಿಸಂ ಜೊತೆ ಫಿಟ್ಸೂ ಇದೆ. ಥೆರಪಿಗೆ ಗಾಡೀಲಿ ಬಿಡೋದು, ಫೀಸ್ ಕಟ್ಟೋದು, ಇಷ್ಟು ಮಾಡಿ ನಾನು ಎಲ್ಲಾ ಮಾಡ್ತಿದೀನಿ ಅಂದ್ಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ಹೆಂಡ್ತಿಗೆ ಡೆಂಗ್ಯೂ ಆಗಿ ಐದು ದಿನ ಅಡ್ಮಿಟ್. ಮೊದಲನೇ ರಾತ್ರಿ ಕಪಾಟು ತೆಗೀತೀನಿ, ಎರಡು ಸಿರಪ್ ಬಾಟ್ಲಿ, ಎರಡೂ ಕಂದು ಬಣ್ಣ, ಪಕ್ಕದಲ್ಲಿ ಸೂಜಿ ಇಲ್ಲದ ಒಂದು ಸಿರಿಂಜು. ಯಾವುದು ಎಷ್ಟು ಎಂಎಲ್, ಊಟಕ್ಕೆ ಮುಂಚೆನೋ ಆಮೇಲೋ, ಒಂದಕ್ಷರ ಗೊತ್ತಿಲ್ಲ. ಡ್ರಿಪ್ ಹಾಕಿಸ್ಕೊಂಡು ಮಲಗಿರೋಳಿಗೆ ಫೋನ್ ಮಾಡಿ ಕೇಳಿದೆ. ಅವಳು ಜ್ವರದಲ್ಲೇ ಹೇಳಿದ್ಲು, ಹೇಳಿ ಇನ್ನೊಂದ್ಸಲ ನನ್ನ ಬಾಯಲ್ಲಿ ಹೇಳಿಸಿದ್ಲು. ಆವತ್ತು ನನಗಾದ ನಾಚಿಕೆ ಇಲ್ಲಿ ಬರೆಯೋಕಾಗಲ್ಲ.

ಹಂಗಾಗಿ ನಾನು ಹೇಳೋದು ಒಂದೇ, ಹೊಂದಿಸೋ ಕೆಲಸ ನಿಮ್ಮ ತಲೇಲಿ ಇಟ್ಕೋಬೇಡಿ, ಕಾಗದದ ಮೇಲೆ ಇಳಿಸಿ, ಮನೆಯವ್ರ ಕೈಗೂ ಕೊಡಿ. ಅವಳು ಡಿಸ್ಚಾರ್ಜ್ ಆದ್ಮೇಲೆ ನಾವು 200 ಪೇಜಿನ ಒಂದು ಲಾಂಗ್ ಬುಕ್ ತಂದ್ವಿ. ರಟ್ಟಿನ ಒಳಗಡೆ ಒಂದು ಹಾಳೆ ಅಂಟಿಸಿದ್ವಿ, ಮಾತ್ರೆ ಹೆಸರು, ಡೋಸ್, ಟೈಮು, ಫಿಟ್ಸ್ ಬಂದ್ರೆ ಏನ್ ಮಾಡ್ಬೇಕು (ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಇಡಬೇಡಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆ), ಅವನಿಗೆ ಯಾವುದಕ್ಕೆ ಭಯ, ಯಾವುದ್ರಿಂದ ಸಮಾಧಾನ ಆಗುತ್ತೆ. ಉಳಿದ ಪೇಜು ದಿನಚರಿ. ಆ ಬುಕ್ಕು ಅವನ ಬ್ಯಾಗಲ್ಲೇ ಸ್ಕೂಲಿಗೆ, ಥೆರಪಿಗೆ, ಡಾಕ್ಟ್ರ ಹತ್ರ ಎಲ್ಲಾ ಕಡೆ ಓಡಾಡುತ್ತೆ, ಎಲ್ರೂ ಎರಡೇ ಸಾಲು ಬರೀತಾರೆ. ಟೀಚರ್ ಮರಾಠೀಲಿ, ಥೆರಪಿಸ್ಟ್ ಇಂಗ್ಲಿಷಲ್ಲಿ, ನಾವು ಕನ್ನಡದಲ್ಲಿ ಬರೆದು ಕೆಳಗೆ ಹರುಕು ಮುರುಕು ಇಂಗ್ಲಿಷಲ್ಲಿ. ವಾಟ್ಸಾಪ್ ಗ್ರೂಪೂ ಟ್ರೈ ಮಾಡಿದ್ವಿ, ಎರಡು ವಾರಕ್ಕೆ ಗುಡ್ ಮಾರ್ನಿಂಗ್ ಫೋಟೋ ಶುರುವಾಯ್ತು, ಬಿಟ್ವಿ.

ಅದ್ರಿಂದ ಏನ್ ಉಪಯೋಗ ಅಂದ್ರೆ, ಒಂದ್ಸಲ ಮಧ್ಯಾಹ್ನ ಆದ್ಮೇಲೆ ಡೆಸ್ಕ್ ಮೇಲೆ ತಲೆ ಇಟ್ಟು ಮಲಗ್ತಾನೆ, ಸೋಂಬೇರಿ ಆಗಿದಾನೆ ಅಂತ ಸ್ಕೂಲಿಂದ ಕಂಪ್ಲೇಂಟ್ ಬಂತು, ಅದೇ ವಾರ ಥೆರಪಿ ಸೆಂಟರಲ್ಲಿ ಕಲಿತಿದ್ದೆಲ್ಲ ಮರೀತಿದಾನೆ, ಇನ್ನೆರಡು ಸೆಶನ್ ಜಾಸ್ತಿ ಮಾಡಿ ಅಂದ್ರು. ನಾನು ಬುಕ್ ಹಿಂದಕ್ಕೆ ತಿರುವಿ ನೋಡ್ತೀನಿ, ಒಂಬತ್ತು ದಿನದ ಹಿಂದೆ ಫಿಟ್ಸ್ ಔಷಧಿ ಡೋಸ್ ಏರಿಸಿದಾರೆ. ಆ ಪೇಜ್ ತಗೊಂಡು ಹೋಗಿ ನ್ಯೂರಾಲಜಿ ಡಾಕ್ಟ್ರಿಗೆ ತೋರಿಸಿದ್ವಿ, ಅವ್ರು ಬೆಳಗ್ಗೆದು ಕಮ್ಮಿ ಮಾಡಿ ರಾತ್ರಿದು ಜಾಸ್ತಿ ಮಾಡಿದ್ರು, ಹುಡುಗ ಸರಿಹೋದ. (ಡೋಸ್ ನೀವೇ ಬದಲಾಯಿಸೋಕೆ ಹೋಗ್ಬೇಡಿ ಮತ್ತೆ.) ಸೆಶನ್ ಜಾಸ್ತಿ ಮಾಡಿದ್ರೆ ಸುಮ್ನೆ ದುಡ್ಡು ದಂಡ ಆಗ್ತಿತ್ತು.

ಇನ್ನೊಂದು, ಮೂರೂ ಕಡೆ ಒಂದೇ ವಿಷಯನ ಒಂದೇ ರೀತಿ ಹೇಳ್ಕೊಡ್ಬೇಕು. ನಮ್ಮವನಿಗೆ ಥೆರಪೀಲಿ ನೀರು ಬೇಕಂದ್ರೆ ಲೋಟದ ಚಿತ್ರ ಇರೋ ಕಾರ್ಡ್ ಕೊಡೋದು, ಸ್ಕೂಲಲ್ಲಿ ವಾಟರ್ ಪ್ಲೀಸ್ ಅನ್ನೋವರೆಗೂ ಕೊಡಲ್ಲ, ಮನೇಲಿ ಅಜ್ಜಿ ಅವನು ಕೇಳೋಕೆ ಮುಂಚೆನೇ ಲೋಟ ಹಿಡ್ಕೊಂಡು ಹಿಂದೆ ಓಡಾಡ್ತಾರೆ. ಹಿಂಗಾದ್ರೆ ಮಗು ಯಾವುದನ್ನ ಕಲೀಬೇಕು? ಕೊನೆಗೆ ಎಲ್ಲಾ ಕಡೆ ಕಾರ್ಡೇ ಅಂತ ಮಾಡಿದ್ವಿ. ಅಜ್ಜೀನ, ಅಂದ್ರೆ ನಮ್ಮಮ್ಮನ್ನ ಒಪ್ಸೋದೇ ಕಷ್ಟ ಆಯ್ತು, ಮಗು ನೀರು ಕೇಳೋಕೆ ಚೀಟಿ ಕೊಡ್ಬೇಕಾ, ಇದೇನು ರೇಷನ್ ಅಂಗಡಿನಾ ಅಂತ ಬೈದ್ರು. ಮೂರನೇ ವಾರ ಅಮ್ಮ ಚಟ್ನಿಗೆ ತೆಂಗಿನಕಾಯಿ ತುರೀತಾ ಕೂತಿದ್ರು, ಇವನು ಬಂದು ಕಾಯಿ ತುರಿ ಮೇಲೇ ಕಾರ್ಡ್ ಇಟ್ಟ. ಈಗ ಆ ಕಾರ್ಡ್ ಮುಟ್ಟೋಕೆ ಅವ್ರು ಯಾರಿಗೂ ಬಿಡಲ್ಲ. ಮೊದಲು ಹೋಗ್ತಿದ್ದ ಒಂದು ಸೆಂಟರಲ್ಲಿ ಮನೇಲಿ ಕನ್ನಡ ಬಿಟ್ಟು ಇಂಗ್ಲಿಷೇ ಮಾತಾಡಿ ಅಂದಿದ್ರು, ನಾವೂ ಒಂದು ವರ್ಷ ಹಂಗೇ ಮಾಡಿ ಅಜ್ಜಿ ಮೊಮ್ಮಗನ ಮಧ್ಯೆ ಮಾತೇ ನಿಲ್ಲಿಸಿಬಿಟ್ವಿ. ಎರಡು ಭಾಷೆ ಕೇಳೋದ್ರಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತೆ ಅಂತ ಇದುವರೆಗಿನ ರಿಸರ್ಚ್ ತೋರಿಸಿಲ್ಲ. ನೀವು ಆರಾಮಾಗಿ ಕನ್ನಡ ಮಾತಾಡಿ.

ಸರ್ಕಾರದ ಕಡೆಯಿಂದ ಒಂದೇ ಸೂರಿನಡಿ ಅನ್ನೋದಕ್ಕೆ ಹತ್ರ ಬರೋದು ಡಿಇಐಸಿ, ಅಂದ್ರೆ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಲ್ಲಿ ಇರೋ ಅರ್ಲಿ ಇಂಟರ್ವೆನ್ಷನ್ ಸೆಂಟರ್, 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನೋ ಮಕ್ಕಳ ಆರೋಗ್ಯ ತಪಾಸಣೆ ಯೋಜನೇದು, 18 ವರ್ಷದವರೆಗೂ ನೋಡ್ತಾರೆ. ಸ್ಟಾಫ್ ಎಲ್ಲಾ ಕಡೆ ಪೂರ್ತಿ ಇರುತ್ತೆ ಅನ್ಕೋಬೇಡಿ, ಆದ್ರೂ ಒಂದ್ಸಲ ಹೋಗಿ. ಮಾತು ಬಂದಿಲ್ಲ ಅಂದ್ರೆ ಕಿವಿ ಟೆಸ್ಟ್ ಆಗಿದೆಯಾ ನೋಡ್ಕೊಳ್ಳಿ, ಬೆರಾ ಅಂತಾರೆ, ಎಷ್ಟೋ ಜನ ಅದನ್ನ ಬಿಟ್ಟೇ ಥೆರಪಿ ಶುರು ಮಾಡಿರ್ತಾರೆ.

ಆಮೇಲೆ ಯುಡಿಐಡಿ ಕಾರ್ಡು, ಅಂದ್ರೆ ಅಂಗವೈಕಲ್ಯದ ಗುರುತಿನ ಚೀಟಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕರೆದ ದಿನ ಆಸ್ಪತ್ರೆಗೆ ಹೋಗಬೇಕು, ಮಗೂಗೆ ತಿಂಡಿ, ಇಷ್ಟದ ಆಟದ ಸಾಮಾನು ತಗೊಂಡೇ ಹೋಗಿ, ನಾಲ್ಕು ಗಂಟೆ ಕಾಯ್ಸಿದ್ರೂ ಕಾಯ್ಸಿದ್ರೇ. ಕಾರ್ಡು ಇಡೀ ದೇಶಕ್ಕೆ ನಡೆಯುತ್ತೆ, ನಾಳೆ ವಾಪಸ್ ಹುಬ್ಬಳ್ಳಿಗೆ ಹೋದ್ರೂ ಹೊಸದು ಬೇಡ. ಆಟಿಸಂ ಅಂಗವೈಕಲ್ಯದ ಪಟ್ಟಿಗೆ ಸೇರಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ. ಅದ್ರಲ್ಲೇ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇರೋ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಫ್ರೀ ಶಿಕ್ಷಣದ ಹಕ್ಕಿದೆ, ಮನೆ ಹತ್ರದ ಸ್ಕೂಲು ಬೇಕಾ ಸ್ಪೆಷಲ್ ಸ್ಕೂಲು ಬೇಕಾ ಅನ್ನೋದೂ ನಿಮ್ಮಿಷ್ಟ. ಸ್ಕೂಲವ್ರು ಸೀಟಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ಅದನ್ನೇ ಬರೆದುಕೊಡಿ ಅನ್ನಿ, ನಮಗೆ ಒಂದು ಕಡೆ ಅಷ್ಟು ಕೇಳಿದ್ದಕ್ಕೇ ಸೀಟು ಹುಟ್ಕೊಂತು.

ದುಡ್ಡಿನ ವಿಷಯಕ್ಕೆ ಬಂದ್ರೆ, ನ್ಯಾಷನಲ್ ಟ್ರಸ್ಟ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆಯ ನಿರಾಮಯ ಇನ್ಶೂರೆನ್ಸ್ ಮಾಡಿಸಿ, 1 ಲಕ್ಷದವರೆಗೆ, ಆಟಿಸಂ ಇರೋರಿಗೂ ಇದೆ, ಥೆರಪಿ ಖರ್ಚಿಗೂ ಒಂದು ಮಿತಿವರೆಗೆ ಬರುತ್ತೆ, ಮೊದಲು ನೀವು ಕೊಟ್ಟು ಆಮೇಲೆ ಬಿಲ್ ಹಾಕಿ ಕ್ಲೇಮ್ ಮಾಡ್ಬೇಕು. ನಿಮ್ಮನೆಯವ್ರಿಗೆ ಸಂಬಳ ಇದ್ದು ಹಳೇ ಟ್ಯಾಕ್ಸ್ ರೆಜೀಮಲ್ಲಿದ್ರೆ 80ಡಿಡಿ (1961ರ ಕಾಯ್ದೆಯ ನಂಬರ್ ಇದು, 2025ರ ಹೊಸ ಕಾಯ್ದೇಲಿ ಬೇರೆ) ಕೆಳಗೆ 75,000, ತೀವ್ರ ಅಂತ ಬಂದಿದ್ರೆ 1,25,000 ಟ್ಯಾಕ್ಸ್ ಹಾಕೋ ಆದಾಯದಿಂದ ಕಳೀಬಹುದು, ಆಟಿಸಂಗೆ ಸರ್ಟಿಫಿಕೇಟ್ ಫಾರ್ಮ್ ಬೇಕು, ಹಳೇ ಕಾಯ್ದೇಲಿ ಅದು 10-ಐಎ. ನಮ್ಮ ಎಚ್‌ಆರ್‌ಗೇ ಇದು ಗೊತ್ತಿರಲಿಲ್ಲ, ಎರಡು ವರ್ಷ ಸುಮ್ನೆ ಟ್ಯಾಕ್ಸ್ ಕಟ್ದೆ.

ಎಲ್ಲದಕ್ಕೂ ಮೂರು ಸೆಟ್ ಝೆರಾಕ್ಸ್ ಮಾಡಿಸಿಟ್ಕೊಳ್ಳಿ, ಒರಿಜಿನಲ್ ತೋರ್ಸಿ, ಕೊಡ್ಬೇಡಿ. ನಮ್ಮ ಮೊದಲನೇ ಇಇಜಿ (ಫಿಟ್ಸ್‌ಗೆ ಮಾಡೋ ಮೆದುಳಿನ ಟೆಸ್ಟ್) ರಿಪೋರ್ಟು ನೋಡಿ ಕೊಡ್ತೀವಿ ಅಂತ ಒಬ್ರು ಇಸ್ಕೊಂಡಿದ್ದು ಇನ್ನೂ ವಾಪಸ್ ಬಂದಿಲ್ಲ.