ಕಾಸರಗೋಡಿನ ಹೈಸ್ಕೂಲು ಮಕ್ಕಳಿಗೆ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯ ಕಲಿಸುವುದು ಹೇಗೆ?

ವ್ಯಾಖ್ಯೆ ಆಮೇಲಿರಲಿ, ಮೊದಲು ಪೂರ್ಣ ಕ್ರಿಯಾಪದಕ್ಕೆ, ಅಂದರೆ ಮಾತನ್ನು ಮುಗಿಸುವ ಕ್ರಿಯಾಪದಕ್ಕೆ, ಗೆರೆ ಎಳೆಸಿ. ಮಕ್ಕಳು ಎಡವುವುದೇ ವಾಕ್ಯದ ಉದ್ದ ನೋಡಿ. ‘ಅಜ್ಜ ಎದ್ದು, ಮಿಂದು, ತಿಂಡಿ ತಿಂದು ತೋಟಕ್ಕೆ ಹೋದರು’ ಎಂಬುದನ್ನು ಸಂಯೋಜಿತ ಎಂದುಬಿಡುತ್ತಾರೆ. ಎದ್ದು, ಮಿಂದು, ತಿಂದು ಮೂರೂ ಅಪೂರ್ಣ. ‘ಹೋದರು’ ಒಂದೇ ಪೂರ್ಣ. ಹಾಗಾಗಿ ಸಾಮಾನ್ಯ ವಾಕ್ಯ.

ಉಳಿದೆರಡಕ್ಕೆ ಕಾಗದದ ಪಟ್ಟಿ, ಕತ್ತರಿ ಸಾಕು. ‘ಮಳೆ ಬಂತು, ಆದ್ದರಿಂದ ಅಂಗಳದ ಅಡಿಕೆ ಒದ್ದೆಯಾಯಿತು’: ‘ಆದ್ದರಿಂದ’ ಕತ್ತರಿಸಿದರೂ ಎರಡು ತುಂಡೂ ತಮ್ಮಷ್ಟಕ್ಕೆ ನಿಲ್ಲುತ್ತವೆ, ಸಂಯೋಜಿತ. ‘ಚಂದ್ರಗಿರಿ ಹೊಳೆ ತುಂಬಿದೆ ಎಂದು ಅಮ್ಮ ಹೇಳಿದಳು’: ‘ಏನು ಹೇಳಿದಳು?’ ಎಂದು ಕೇಳಿ. ‘ಎಂದು’ವಿಗೆ ಮೊದಲಿನ ಇಡೀ ಉಪವಾಕ್ಯವೇ (ದೊಡ್ಡ ವಾಕ್ಯದೊಳಗಿನ ಚಿಕ್ಕ ವಾಕ್ಯ) ಉತ್ತರ; ಅದು ‘ಹೇಳಿದಳು’ ಎಂಬುದಕ್ಕೆ ಅಧೀನ, ಹಾಗಾಗಿ ಮಿಶ್ರ. ಮನೆಯಲ್ಲಿ ಮಲಯಾಳ ಆಡುವ ಮಕ್ಕಳಿಗೆ ‘ಎಂದು’ ಅಂದರೆ ನಿಮ್ಮ ‘ಎನ್ನ್’ ಎಂದರೆ ತಟ್ಟನೆ ಹೊಳೆಯುತ್ತದೆ.