ಓದುಗರ ಪ್ರಶ್ನೆ: ಸ್ಪಾನ್ಸರ್‌ಶಿಪ್‌ಗೆ ನಾವು ದುಡ್ಡು ಕೊಡ್ಬೇಕಾ?

ಪ್ರಶ್ನೆ: ಮೇಡಂ, ಮಗ ಐಟಿಐ ಎಲೆಕ್ಟ್ರಿಷಿಯನ್ ಮುಗ್ಸಿ ಹಾಸನದಲ್ಲಿ ಫ್ಯಾಕ್ಟರಿ ಕೆಲ್ಸದಲ್ಲಿದಾನೆ. ಆಸ್ಟ್ರೇಲಿಯಾದ ಕಂಪ್ನಿ ವೀಸಾ ಸ್ಪಾನ್ಸರ್ ಮಾಡುತ್ತೆ, ಅದಕ್ಕೆ ಎಂಟು ಲಕ್ಷ ಆಗುತ್ತೆ, ಅರ್ಧ ಈಗ್ಲೇ ಕಟ್ಟಿ ಅಂತ ಏಜೆಂಟ್ ಒಬ್ರು ದಿನಾ ಫೋನ್ ಮಾಡ್ತಿದಾರೆ. ಒಂದೆಕ್ರೆ ತೋಟ ಅಡ ಇಡೋಣ ಅಂತಿದಾರೆ ನಮ್ಮನೆಯವ್ರು. ಏನ್ಮಾಡ್ಲಿ?
– ಓದುಗರು, ಬೇಲೂರು ತಾಲ್ಲೂಕು

ಉತ್ತರ: ಅಮ್ಮ, ತೋಟದ ಪಹಣಿ ಬೀರುವಲ್ಲೇ ಇರ್ಲಿ, ಒಂದು ರೂಪಾಯಿನೂ ಕೊಡ್ಬೇಡಿ. ಸ್ಪಾನ್ಸರ್‌ಶಿಪ್‌ನ ದುಡ್ಡಿಗೆ ಮಾರೋದು 2015ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದಲ್ಲಿ ಕಾನೂನು ಪ್ರಕಾರ ತಪ್ಪು, ಮತ್ತೆ ಕೇಳಿದವ್ರಿಗೆ ಮಾತ್ರ ಅಲ್ಲ ಕೊಟ್ಟವ್ರಿಗೂ ದಂಡ ಇದೆ, ಅಂದ್ರೆ ನೀವು ತೋಟ ಅಡ ಇಟ್ಟು ಕಟ್ಟಿದ ದುಡ್ಡೇ ನಾಳೆ ನಿಮ್ಮ ಮಗನ ವೀಸಾ ಕ್ಯಾನ್ಸಲ್ ಆಗೋಕೆ ಕಾರಣ ಆಗ್ಬಹುದು.

ಅಲ್ಲಿ ನಡ್ಯೋದು ಹೇಗೆ ಅಂದ್ರೆ, ಕೆಲ್ಸದವ್ರು ಬೇಕಾಗಿರೋದು ಕಂಪ್ನಿಗೆ, ಹಾಗಾಗಿ ಮುಖ್ಯ ಖರ್ಚೂ ಕಂಪ್ನಿದೇ. ಈಗಿರೋದು ಸ್ಕಿಲ್ಸ್ ಇನ್ ಡಿಮ್ಯಾಂಡ್ ವೀಸಾ, ನಂಬರ್ 482, 2024ರ ಡಿಸೆಂಬರ್ 7ರಿಂದ ಹಳೇ ವೀಸಾ ಜಾಗಕ್ಕೆ ಬಂದಿದ್ದು. ಕಂಪ್ನಿ ಮೊದ್ಲು ಅಲ್ಲಿನ ಸರ್ಕಾರದಿಂದ ಸ್ಪಾನ್ಸರ್ ಅಂತ ಒಪ್ಗೆ ತಗೋಬೇಕು, ಆಮೇಲೆ ನಿಮ್ಮ ಮಗನನ್ನ ಆ ಕೆಲ್ಸಕ್ಕೆ ನಾಮಿನೇಟ್ ಮಾಡ್ಬೇಕು, ಜೊತೆಗೆ ಅಲ್ಲಿನ ಜನಕ್ಕೆ ಟ್ರೈನಿಂಗ್ ಕೊಡೋ ಫಂಡಿಗೆ ವರ್ಷಕ್ಕೆ 1,200 ಆಸ್ಟ್ರೇಲಿಯನ್ ಡಾಲರ್, ದೊಡ್ಡ ಕಂಪ್ನಿ ಆದ್ರೆ 1,800 ಡಾಲರ್ ಕಟ್ಬೇಕು. ಆ ದುಡ್ಡನ್ನ ಕೆಲ್ಸಗಾರನ ತಲೆಗೆ ಕಟ್ಟೋ ಹಾಗಿಲ್ಲ, ಸಂಬ್ಳದಲ್ಲಿ ಹಿಡ್ಕೊಳ್ಳೋ ಹಾಗೂ ಇಲ್ಲ. ನಿಮ್ಮ ಮಗನ ಕೈಯಿಂದ ಹೋಗ್ಬಹುದಾದ್ದು ಅವನ ವೀಸಾ ಅರ್ಜಿ ಫೀ, ಇಂಗ್ಲಿಷ್ ಪರೀಕ್ಷೆ, ಮೆಡಿಕಲ್, ಸ್ಕಿಲ್ ಅಸೆಸ್‌ಮೆಂಟ್ ಇಂಥವು. ಇವಕ್ಕೆಲ್ಲ ಅವನ ಹೆಸ್ರಲ್ಲಿ ರಸೀದಿ ಬರುತ್ತೆ.

ಆಫರ್ ಲೆಟರ್ ಕೊಟ್ಟಿದಾರೆ ಅಂದ್ರೆ ಮೊದ್ಲು ಸಂಬ್ಳ ನೋಡಿ. 2025ರ ಜುಲೈ 1ರಿಂದ ಈ ವೀಸಾಕ್ಕೆ ವರ್ಷಕ್ಕೆ ಕನಿಷ್ಠ 76,515 ಡಾಲರ್ ಸಂಬ್ಳ ಇರ್ಬೇಕು. ಅದಕ್ಕಿಂತ ಕಡ್ಮೆ ಬರ್ದಿದ್ರೆ ಆ ಲೆಟರ್ ಇಟ್ಕೊಂಡು ಈ ವೀಸಾ ಸಿಗೋದೇ ಇಲ್ಲ.

ಏಜೆಂಟ್ ಬಾಯಿ ಬಿಡದೇ ಇರೋ ಇನ್ನೊಂದು ವಿಷ್ಯ ಲೈಸೆನ್ಸ್. ವೀಸಾ ಸಿಕ್ಕಿದ ತಕ್ಷಣ ಅಲ್ಲಿ ಎಲೆಕ್ಟ್ರಿಷಿಯನ್ ಆಗಲ್ಲ, ಅಲ್ಲಿನ ರಾಜ್ಯದ ಲೈಸೆನ್ಸ್ ಬೇಕು, ಅದು ಬರೋವರ್ಗೂ ಒಬ್ನೇ ವೈರಿಂಗ್ ಮಾಡೋ ಹಾಗಿಲ್ಲ, ಇಲ್ಲಿ ಹತ್ತು ವರ್ಷ ಪ್ಯಾನೆಲ್ ಬೋರ್ಡ್ ಕಟ್ಟಿದ್ರೂ ಅಷ್ಟೇ. ಸ್ಕಿಲ್ ಅಸೆಸ್‌ಮೆಂಟ್‌ನಲ್ಲಿ ಕೆಲ್ಸ ಮಾಡಿ ತೋರ್ಸ್ಬೇಕಾಗುತ್ತೆ, ಬರೀ ಸರ್ಟಿಫಿಕೇಟ್ ಸಾಲಲ್ಲ. ಹಾಗಾಗಿ ಮಗ ಈಗ್ಲಿಂದ್ಲೇ ಸಂಬ್ಳದ ಸ್ಲಿಪ್ಪು, ಪಿಎಫ್ ದಾಖ್ಲೆ, ಯಾವ ಯಾವ ಕೆಲ್ಸ ಮಾಡಿದಾನೆ ಅಂತ ಕಂಪ್ನಿ ಲೆಟರ್‌ಹೆಡ್‌ನಲ್ಲಿ ಪತ್ರ, ಇವನ್ನ ಜೋಡ್ಸಿ ಇಟ್ಕೊಳ್ಳಿ. ಸ್ಪಾನ್ಸರ್ ಮಾಡಿದ ಕೆಲ್ಸ ಹೋದ್ರೆ ಒಂದ್ಸಲಕ್ಕೆ 180 ದಿನದವರ್ಗೂ ಬೇರೆ ಸ್ಪಾನ್ಸರ್ ಹುಡ್ಕೋಕೆ ಅವಕಾಶ ಇದೆ ಅನ್ನೋದೂ ಅವನಿಗೆ ಗೊತ್ತಿರ್ಲಿ, ಯಾಕಂದ್ರೆ ಮಾಲೀಕ ಬೈದ್ರೂ ಹೊಡೆದ್ರೂ ಅಲ್ಲೇ ಬಿದ್ದಿರ್ಬೇಕು ಅಂತ ಹುಡುಗ್ರು ತಿಳ್ಕೊಂಡ್ಬಿಡ್ತಾರೆ, ಆ ಹೆದ್ರಿಕೆ ಬೇಡ.

ಆ ಏಜೆಂಟ್‌ನ ರಿಜಿಸ್ಟ್ರೇಷನ್ ನಂಬರ್ ಕೇಳಿ. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಹೊರದೇಶಕ್ಕೆ ಜನ ಕಳ್ಸೋವ್ರು ಕೇಂದ್ರ ಸರ್ಕಾರದಲ್ಲಿ ರಿಜಿಸ್ಟರ್ ಆಗಿರ್ಲೇಬೇಕು, ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಪಟ್ಟಿ ಇದೆ. ರಿಜಿಸ್ಟರ್ ಆದವ್ರೂ ಕೆಲಸಗಾರನಿಂದ ತಗೋಬಹುದಾದ ಸರ್ವಿಸ್ ಚಾರ್ಜ್ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. 30 ಸಾವಿರ ಎಲ್ಲಿ, ಎಂಟು ಲಕ್ಷ ಎಲ್ಲಿ?

ಪ್ರಶ್ನೆ: ನಾನು ಐಟಿಐ ವೆಲ್ಡರ್, ಆರು ವರ್ಷ ಅನುಭವ ಇದೆ. ಜರ್ಮನಿಗೆ ಡಿಗ್ರಿ ಬೇಡ, ಅನುಭವ ಇದ್ರೆ ಸಾಕು ಅಂತಾರೆ, ನಿಜಾನಾ?
– ಓದುಗರು, ಅರಸೀಕೆರೆ

ಉತ್ತರ: ಅರ್ಧ ನಿಜ ಕಣಪ್ಪ, ಇನ್ನರ್ಧ ನಿಮ್ಮ ಪಾಲಿಗೆ ಕಷ್ಟದ್ದು. ಭಾರತದ ನುರಿತ ಕೆಲ್ಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾಗಳ ಸಂಖ್ಯೆನ 90,000ಕ್ಕೆ ಏರಿಸ್ತೀವಿ ಅಂತ 2024ರಲ್ಲಿ ಜರ್ಮನಿ ಹೇಳಿದ್ದು ಹೌದು. ಅನುಭವದ ಮೇಲೆ ಹೋಗೋ ದಾರಿನೂ ಇದೆ, ಆದ್ರೆ ಅದಕ್ಕೆ ಸರ್ಕಾರ ಒಪ್ಪಿದ, ಕನಿಷ್ಠ ಎರಡು ವರ್ಷದ ಕೋರ್ಸ್ ಆಗಿರ್ಬೇಕು. ಐಟಿಐನಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದೇ ವರ್ಷ. ಆರು ವರ್ಷ ಬೆಂಕಿ ಮುಂದೆ ನಿಂತವ್ರಿಗೆ ಇದು ಅನ್ಯಾಯ ಅಂತ್ಲೇ ನನಗೂ ಅನ್ಸುತ್ತೆ, ಆದ್ರೆ ರೂಲ್ ಹಾಗಿದೆ, ಅಲ್ಲಿಗೆ ಹೋಗಿ ಕೆಲ್ಸ ಹುಡ್ಕೋಕೆ ಕೊಡೋ ಆಪರ್ಚುನಿಟಿ ಕಾರ್ಡಿಗೂ ಇದೇ ಎರಡು ವರ್ಷದ ಲೆಕ್ಕ. ನಿಮ್ಗೆ ತೆರೆದಿರೋ ಬಾಗ್ಲು ಆಸ್‌ಬಿಲ್ಡುಂಗ್, ಅಂದ್ರೆ ಅಲ್ಲೇ ಹೋಗಿ ಕಂಪ್ನಿಯಲ್ಲಿ ಸ್ಟೈಫಂಡ್ ತಗೊಂಡು ಟ್ರೇಡ್ ಕಲಿಯೋದು, ಅದಕ್ಕೆ ಸಾಮಾನ್ಯವಾಗಿ ಬಿ1, ಅಂದ್ರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಕೇಳ್ತಾರೆ. ದುಡ್ಡು ಖರ್ಚು ಮಾಡೋದಾದ್ರೆ ಮೊದ್ಲು ಭಾಷೆಗೆ ಮಾಡಿ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ಲಾಸೂ ಪರೀಕ್ಷೆನೂ ಇದೆ. ನಿಯಮಗಳೆಲ್ಲ ಮೇಕ್ ಇಟ್ ಇನ್ ಜರ್ಮನಿ ಅನ್ನೋ ಅಲ್ಲಿನ ಸರ್ಕಾರದ ಸೈಟಲ್ಲಿ ಬಿಟ್ಟಿಯಾಗೇ ಸಿಗುತ್ತೆ.

ಪ್ರಶ್ನೆ: ನಮ್ಮ ರೆಸಾರ್ಟಿಗೆ ಥಾಯ್ಲೆಂಡಿನ ಅಡುಗೆಯವ್ರನ್ನ ಕರೆಸ್ಬೇಕು. ಟೂರಿಸ್ಟ್ ವೀಸಾದಲ್ಲಿ ಬಂದು ಸೀಸನ್ ಮುಗ್ಸಿ ಹೋದ್ರೆ ನಡೆಯುತ್ತಾ?
– ಓದುಗರು, ಚಿಕ್ಕಮಗಳೂರು

ಉತ್ತರ: ನಡೆಯಲ್ಲ. ಎಂಪ್ಲಾಯ್‌ಮೆಂಟ್ ವೀಸಾ ಬೇಕು, ಅದನ್ನ ಅವ್ರು ಅವ್ರ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲೇ ತಗೊಂಡು ಬರ್ಬೇಕು. ಈ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಮೇಲೆ ಸಂಬ್ಳ ಇರ್ಬೇಕು ಅಂತ ನಿಯಮ, ಆದ್ರೆ ತಮ್ಮ ದೇಶದ ಅಡುಗೆ ಮಾಡೋ ಬಾಣಸಿಗರಿಗೆ ಅದ್ರಿಂದ ವಿನಾಯ್ತಿ ಇದೆ, ನಿಮ್ಗೆ ಅದೇ ಅನುಕೂಲ. ವೀಸಾ 180 ದಿನಕ್ಕಿಂತ ಹೆಚ್ಚಿಂದಾದ್ರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ರಿಜಿಸ್ಟ್ರೇಷನ್ ಮಾಡ್ಸಿ. ಅವ್ರು ನಿಮ್ಮಲ್ಲೇ ಉಳ್ಕೊಂಡ್ರೆ ವಿದೇಶಿ ಅತಿಥಿಗಳಿಗೆ ತುಂಬೋ ಹಾಗೇ ಇವ್ರಿಗೂ 24 ಗಂಟೆಯೊಳಗೆ ಫಾರಂ 3 (ಮೊದ್ಲು ಫಾರಂ ಸಿ ಅಂತಿದ್ದಿದ್ದು) ಹಾಕಿ. ಕಾಂಟ್ರ್ಯಾಕ್ಟ್‌ನ ಅವ್ರಿಗೆ ಅರ್ಥ ಆಗೋ ಭಾಷೆಯಲ್ಲಿ ಬರ್ಸಿ ಒಂದು ಪ್ರತಿ ಅವ್ರ ಕೈಗೇ ಕೊಡಿ, ಪಾಸ್‌ಪೋರ್ಟ್ ಮಾತ್ರ ಇಸ್ಕೊಂಡು ಆಫೀಸಲ್ಲಿ ಇಟ್ಕೋಬೇಡಿ.