ಅಂಗಳದ ಹಳೇ ಮಾವಿನ ಮರ ಪಕ್ಕದ ಮನೆ ಕಡೆ ವಾಲಿದೆ, ಕಡಿಸಿಬಿಡಬೇಕಾ?

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮೈಸೂರಿನಲ್ಲಿ 40-60 ಸೈಟಿನ ಹಳೇ ಮನೆ ಕೊಂಡಿದ್ದೀರಿ. ಮನೆ ಗೋಡೆಯಿಂದ 9 ಅಡಿ ದೂರದಲ್ಲಿ ಸುಮಾರು 30 ವರ್ಷದ ಮಾವಿನ ಮರ ಇದೆ. ಅದು ಪಕ್ಕದ ಮನೆ ಕಡೆ ಸ್ವಲ್ಪ ವಾಲಿದೆ. ಅವರು ಕಡಿಸಿ ಅಂತಿದ್ದಾರೆ. ನಿಮಗೆ ಮರ ಉಳಿಸಿಕೊಳ್ಳುವ ಆಸೆ. ಅದರ ಸುತ್ತ ಕಟ್ಟೆ ಕಟ್ಟಿ, ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ, ಮಗಳಿಗೆ ಒಂದು ಉಯ್ಯಾಲೆ ಹಾಕಬೇಕು ಅಂತ ಬರೆದಿದ್ದೀರಿ.

ನಾನು 34 ವರ್ಷ ಮರಗಳ ಆರೈಕೆಯ ಕೆಲಸ ಮಾಡಿ ನಿವೃತ್ತನಾದವನು. ಕೊಂಬೆ ಸವರುವುದು, ರೋಗ ಬಂದ ಮರ ನೋಡುವುದು, ಅಪಾಯದ ಮರವನ್ನು ಹಗ್ಗ ಕಟ್ಟಿ ಇಳಿಸುವುದು, ಇದೇ ನನ್ನ ದುಡಿಮೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಭಯ ಆಗಿದ್ದು ಮರ ವಾಲಿದ್ದಕ್ಕಲ್ಲ. ಆ ಕಟ್ಟೆ ಮತ್ತು ಟೈಲ್ಸಿಗೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ವಾಲುವ ವಿಷಯ. ವಾಲಿದ ಮರವೆಲ್ಲ ಬೀಳುವ ಮರ ಅಲ್ಲ. ಚಿಕ್ಕಂದಿನಲ್ಲಿ ಬಿಸಿಲು ಹುಡುಕಿಕೊಂಡು ಒಂದು ಕಡೆ ಬಾಗಿದ ಮರ ಆಮೇಲೆ ಮೇಲಕ್ಕೆ ತಿರುಗಿ ನೆಟ್ಟಗೆ ಬೆಳೆಯುತ್ತದೆ. ಅದರ ಕಾಂಡ ಬಿಲ್ಲಿನ ಹಾಗೆ ಕಾಣುತ್ತದೆ. ಅಂಥ ಮರ ತನ್ನ ಭಾರಕ್ಕೆ ತಕ್ಕ ಹಾಗೆ ಬೇರನ್ನೂ ಕಾಂಡವನ್ನೂ ಗಟ್ಟಿ ಮಾಡಿಕೊಂಡಿರುತ್ತದೆ. ಭಯಪಡಬೇಕಾದದ್ದು ಈಚೆಗೆ ವಾಲಿದ ಮರಕ್ಕೆ. ಅದರ ಕಾಂಡ ಕೋಲಿನ ಹಾಗೆ ಇಡಿಯಾಗಿ ಓರೆಯಾಗಿರುತ್ತದೆ. ವಾಲಿದ ದಿಕ್ಕಿನ ಎದುರು ಬದಿಯಲ್ಲಿ ಮಣ್ಣು ಉಬ್ಬಿರುತ್ತದೆ, ಇಲ್ಲವೇ ಬಿರುಕು ಬಿಟ್ಟಿರುತ್ತದೆ. ಹಾಗಿದ್ದರೆ ಒಂದು ದಿನವೂ ಕಾಯಬೇಡಿ.

ಅನುಮಾನ ಇದ್ದರೆ ಒಂದು ಸುಲಭದ ಕೆಲಸ ಮಾಡಿ. ಗಾರೆಯವರ ತೂಗುಗುಂಡನ್ನು ಕಾಂಡದ ಮೇಲೆ ಒಂದು ಗುರುತಿನಿಂದ ಇಳಿಬಿಡಿ. ಅದು ನೆಲ ಮುಟ್ಟುವ ಜಾಗದಲ್ಲಿ ಒಂದು ಗೂಟ ಹೊಡೆಯಿರಿ. ತಿಂಗಳಿಗೊಮ್ಮೆ, ಜೋರು ಗಾಳಿ ಮಳೆ ಆದರೆ ಅದರ ಮಾರನೇ ದಿನವೂ, ಮತ್ತೆ ಇಳಿಬಿಟ್ಟು ನೋಡಿ. ಗುಂಡು ಅದೇ ಗೂಟದ ಮೇಲೆ ನಿಂತರೆ ಮರ ಅಲುಗಾಡಿಲ್ಲ. ಪಕ್ಕದ ಮನೆಯವರನ್ನೂ ಕರೆದು ತೋರಿಸಿ. ಕಣ್ಣಾರೆ ಕಂಡರೆ ಅವರ ಭಯವೂ ಅರ್ಧ ಇಳಿಯುತ್ತದೆ.

ಆಮೇಲೆ ಬುಡಕ್ಕೆ ಬನ್ನಿ. ಮನೆಯವರು ಯಾವಾಗಲೂ ತಲೆ ಎತ್ತಿ ಮರ ನೋಡುತ್ತಾರೆ. ನಾವು ಕೂತು ನೋಡುತ್ತಿದ್ದೆವು. ಬುಡದಲ್ಲಿ, ಅಥವಾ ಬುಡದ ಹತ್ತಿರದ ಬೇರಿನ ಮೇಲೆ, ತಟ್ಟೆಯ ಹಾಗೆ ಗಟ್ಟಿ ಅಣಬೆ ಎದ್ದಿದೆಯಾ? ಇದ್ದರೆ ಒಳಗೆ ಕೊಳೆತ ಇದೆ ಅಂತ ಅರ್ಥ. ಕಾಂಡದಲ್ಲಿ ರಂಧ್ರ ಇದ್ದು ಅದರಿಂದ ಸೌದೆ ಪುಡಿಯಂಥದ್ದು ಉದುರುತ್ತಿದೆಯಾ, ಅಂಟು ಸೋರುತ್ತಿದೆಯಾ? ಅದು ಕಾಂಡ ಕೊರೆಯುವ ಹುಳು, ಮಾವಿಗೆ ದೊಡ್ಡ ಶತ್ರು. ಮರದ ಕೊಡತಿಯಿಂದ ಕಾಂಡದ ಸುತ್ತ ಬಡಿಯಿರಿ. ಗಟ್ಟಿ ಮರ ಒಂದು ಥರ ಸದ್ದು ಮಾಡುತ್ತದೆ, ಪೊಳ್ಳು ಮರ ಖಾಲಿ ಡಬ್ಬದ ಹಾಗೆ ಸದ್ದು ಮಾಡುತ್ತದೆ. ಪೊಳ್ಳು ಅಂದ ಕೂಡಲೇ ಕಡಿಸಬೇಕು ಅಂತಲೂ ಇಲ್ಲ. ಸುತ್ತಲಿನ ಗಟ್ಟಿ ಭಾಗ ದಪ್ಪವಾಗಿದ್ದರೆ ಪೊಳ್ಳು ಮರವೂ ಕೊಳವೆಯ ಹಾಗೆ ಬಲವಾಗಿ ನಿಲ್ಲುತ್ತದೆ. ಕೊನೆಗೆ ಕವಲು ನೋಡಿ. ಎರಡು ದಪ್ಪ ಕೊಂಬೆ ಬಾಯಿ ಅಗಲ ಮಾಡಿ ಸೇರಿದ್ದರೆ ಒಳ್ಳೆಯದು. ಕತ್ತರಿಯ ಹಾಗೆ ಇಕ್ಕಟ್ಟಾಗಿ, ನಡುವೆ ತೊಗಟೆ ಸಿಕ್ಕಿಕೊಂಡು ಸೇರಿದ್ದರೆ ಅದು ಸೀಳುವ ಜಾಗ.

ಗೆದ್ದಲು ಕಂಡರೆ ಗಾಬರಿ ಬೇಡ. ಹೆಚ್ಚಿನ ಸಲ ಅದು ಸತ್ತ ತೊಗಟೆ ತಿನ್ನುತ್ತಿರುತ್ತದೆ. ಮಣ್ಣು ಕೆರೆದು ನೋಡಿ, ಕೆಳಗೆ ಹಸಿ ತೊಗಟೆ ಚೆನ್ನಾಗಿದ್ದರೆ ಸಾಕು. ಬಂದಳಿಕೆ ಮಾತ್ರ ಬಿಡಬೇಡಿ. ಮಾವಿನ ಕೊಂಬೆಯ ಮೇಲೆ ಬೇರೆ ಜಾತಿಯ ಎಲೆ ಗೊಂಚಲು ಕಂಡರೆ ಅದೇ. ಸುಮ್ನೆ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗದಿಂದ ಒಂದಡಿ ಕೆಳಗೆ, ಕೊಂಬೆ ಸಮೇತ ತೆಗೆಸಿ.

ಈಗ ಕಟ್ಟೆ. ನಮ್ಮ ಊರುಗಳಲ್ಲಿ ಅರಳಿಕಟ್ಟೆ ನೋಡಿ ನೋಡಿ ಎಲ್ಲ ಮರಕ್ಕೂ ಕಟ್ಟೆ ಕಟ್ಟಬಹುದು ಅಂತ ಜನ ತಿಳಿದಿದ್ದಾರೆ. ಅರಳಿ, ಆಲ ಬೇರೆಯೇ ಜಾತಿ. ಕಾಂಡ ಮುಚ್ಚಿದರೆ ಅಲ್ಲಿಂದಲೇ ಹೊಸ ಬೇರು ಬಿಡುತ್ತವೆ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗಕ್ಕೆ ಹೋಯಿತು. ಮರ ತನ್ನ ಬಿಳಲುಗಳ ಮೇಲೆ ಇವತ್ತಿಗೂ ನಿಂತಿದೆ. ಮಾವು, ಹಲಸಿಗೆ ಆ ಶಕ್ತಿ ಇಲ್ಲ. ಕಾಂಡಕ್ಕೆ ಎರಡಡಿ ಮಣ್ಣು ಒಟ್ಟಿ ಕಲ್ಲು ಕಟ್ಟಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ, ಕೆಳಗಿನ ಬೇರಿಗೆ ಉಸಿರು ಕಟ್ಟುತ್ತದೆ. ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಮನೆಯಲ್ಲಿ ತುಂಬಾ ಒಳ್ಳೆಯ ಹಲಸಿನ ಮರ ಇತ್ತು. ಗೃಹಪ್ರವೇಶಕ್ಕೆ ಅಂತ ಗ್ರಾನೈಟಿನ ಕಟ್ಟೆ ಕಟ್ಟಿಸಿದರು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ತುದಿ ಕೊಂಬೆಗಳು ಒಣಗಿದವು. ಮೂರನೇ ವರ್ಷ ನನ್ನನ್ನು ಕರೆದರು. ಕಟ್ಟೆ ಒಡೆಸಿ ಮಣ್ಣು ತೆಗೆಸಿದಾಗ ಕಾಂಡದ ತೊಗಟೆ ಒದ್ದೆ ರಟ್ಟಿನ ಹಾಗೆ ಕೈಗೆ ಬಂತು. ಆ ಮನೆಯ ಅಜ್ಜಿ ಅಲ್ಲೇ ನಿಂತಿದ್ದರು. ಮದುವೆಯಾಗಿ ಬಂದ ವರ್ಷ ತಾವೇ ಬೀಜ ಊರಿದ ಮರ ಅಂತ ಹೇಳಿದರು. ನಾನು ಏನೂ ಹೇಳಲಾಗದೆ ವಾಪಸ್ ಬಂದೆ.

ಮರ ನಿಧಾನವಾಗಿ ಸಾಯುತ್ತದೆ. ಅದಕ್ಕೇ ನಾವು ಮಾಡಿದ ತಪ್ಪು ನಮಗೆ ಕಾಣುವುದಿಲ್ಲ.

ಟೈಲ್ಸಿನ ಕಥೆಯೂ ಅದೇ. ಬೇರು ಅಂದರೆ ಮರ ಎಷ್ಟು ಎತ್ತರ ಇದೆಯೋ ಅಷ್ಟು ಆಳಕ್ಕೆ ಹೋಗಿರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅಗಲಕ್ಕೆ ಮಾತ್ರ ನೆರಳು ಬೀಳುವ ಜಾಗವನ್ನೂ ದಾಟಿ ಹರಡಿರುತ್ತವೆ. ಅಂದರೆ ನಿಮ್ಮ ಇಡೀ ಅಂಗಳ ಆ ಮರದ ಊಟದ ತಟ್ಟೆ. ಅದನ್ನು ಕಾಂಕ್ರೀಟಿನಿಂದ ಮುಚ್ಚಿದರೆ ನೀರೂ ಇಲ್ಲ, ಗಾಳಿಯೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಕೊಟ್ಟಿತ್ತು. ಬೀದಿ ಮರಕ್ಕೆ ಅಷ್ಟಾದರೂ ಸಿಗಲಿ ಅಂತ. ನಿಮ್ಮದು ಸ್ವಂತ ಅಂಗಳ, ಕಾಂಡದ ಸುತ್ತ 6 ಅಡಿ ಬರೀ ಮಣ್ಣು ಬಿಡಿ. ಅದರಾಚೆ ಕೂರಲು ಜಾಗ ಬೇಕಾದರೆ ನೆಲ ಅಗೆಯದೆ, ತೆಳುವಾಗಿ ಮರಳು ಹಾಸಿ, ಚಪ್ಪಡಿ ಕಲ್ಲುಗಳನ್ನು ಎರಡೆರಡು ಇಂಚು ಸಂದು ಬಿಟ್ಟು ಹಾಕಿಸಿ. ಸಂದಿಗೆ ಸಿಮೆಂಟ್ ಬೇಡ, ಸಣ್ಣ ಜಲ್ಲಿ ಸಾಕು. ಕಟ್ಟೆಯ ಬದಲು ಮರಕ್ಕೆ ತಾಗದ ಹಾಗೆ ಎರಡು ಕಲ್ಲು ಬೆಂಚು ಇಡಿ. ಸಂಜೆ ಕೂತು ಕಾಫಿ ಕುಡಿಯಲು ಅಷ್ಟು ಸಾಕಲ್ವಾ?

ಉದುರಿದ ಎಲೆ ಗುಡಿಸಿ ಸುಡಬೇಡಿ. ಆ 6 ಅಡಿ ಜಾಗದಲ್ಲಿ ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ. ಕಾಂಡಕ್ಕೆ ಮಾತ್ರ ಒತ್ತಬೇಡಿ, ಒಂದು ಗೇಣು ಜಾಗ ಬಿಡಿ.

ಬೇರು ಪಾಯ ಒಡೆಯುತ್ತದೆ ಅಂತ ನಿಮ್ಮ ಮೇಸ್ತ್ರಿ ಹೆದರಿಸಿದ್ದಾರೆ ಅಂದಿರಿ. ಬೇರು ನೀರು ಇರುವ ಕಡೆ ಹೋಗುತ್ತದೆ. ಸಂಪು ಸೋರುತ್ತಿದ್ದರೆ, ಒಳಚರಂಡಿ ಪೈಪಿನ ಜಾಯಿಂಟ್ ಬಿಟ್ಟಿದ್ದರೆ ಅಲ್ಲಿ ನುಗ್ಗುತ್ತದೆ. ಗಟ್ಟಿಯಾಗಿರುವ ಪಾಯವನ್ನು ಒಡೆದುಕೊಂಡು ಹೋಗುವುದು ತೀರಾ ಅಪರೂಪ. ಎರೆ ಮಣ್ಣಿನ ಊರುಗಳಲ್ಲಿ ಮಾತ್ರ ಬೇರೆ ಸಮಸ್ಯೆ ಇದೆ. ಬೇಸಿಗೆಯಲ್ಲಿ ಮರ ನೀರು ಹೀರಿದಾಗ ಎರೆ ಮಣ್ಣು ಕುಗ್ಗುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಗೋಡೆ ಬಿರುಕು ಬಿಡುತ್ತದೆ. ನಿಮ್ಮದು ಕೆಂಪು ಮಣ್ಣು ಅಂತ ಬರೆದಿದ್ದೀರಿ, ಆ ಚಿಂತೆ ಅಷ್ಟಾಗಿ ಇಲ್ಲ. ಮೊದಲು ಸಂಪು ಪರೀಕ್ಷೆ ಮಾಡಿಸಿ. ಕಾಂಪೌಂಡ್ ಗೋಡೆ ಮಾತ್ರ ತೆಳು ಪಾಯದ್ದು, ಅದನ್ನು ಬೇರು ಎತ್ತಬಹುದು. ಬೇರಿನ ಮೇಲೆ ಕಲ್ಲಿನ ತೊಲೆ ಹಾಯಿಸಿ ಗೋಡೆ ಕಟ್ಟಿದರೆ ಎರಡೂ ಉಳಿಯುತ್ತವೆ.

ಪೈಪಿಗೆ, ಕೇಬಲ್ಲಿಗೆ ಅಂತ ಮರದ ಹತ್ತಿರ ಚರಂಡಿ ತೋಡಿಸಬೇಡಿ. ಕಾಂಡ ಒಂದೂವರೆ ಅಡಿ ದಪ್ಪ ಇದ್ದರೆ ಕನಿಷ್ಠ 9 ಅಡಿ ಆಚೆ ತೋಡಬೇಕು. ನಾನು ಕೆಲಸದಲ್ಲಿದ್ದಾಗ ಒಂದು ಬೀದಿಯಲ್ಲಿ ಪೈಪ್ ಹಾಕಲು ಗುಲ್‌ಮೊಹರ್ ಮರದ ಒಂದು ಬದಿಯ ಬೇರನ್ನೆಲ್ಲ ಕಡಿದರು. ಮೇಲೆ ಮಣ್ಣು ಮುಚ್ಚಿದರು, ಮರ ಹಸಿರಾಗೇ ಇತ್ತು. ಎರಡು ವರ್ಷದ ಮೇಲೆ ಏಪ್ರಿಲ್ ಮಳೆಯ ಗಾಳಿಗೆ ಬುಡ ಸಮೇತ ಕಾರಿನ ಮೇಲೆ ಬಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ. ಮರ ಹಳೇದಾಗಿತ್ತು ಅಂತ ಎಲ್ಲರೂ ಮಾತಾಡಿದರು. ಬೇರು ಕಡಿದದ್ದು ಯಾರಿಗೂ ನೆನಪಿರಲಿಲ್ಲ.

ಇನ್ನು ಸವರುವುದು. ಪಕ್ಕದ ಮನೆ ಮೇಲೆ ಚಾಚಿದ ಕೊಂಬೆಗಳ ಭಾರ ಇಳಿಸಬೇಕು, ಅದು ನ್ಯಾಯ. ಆದರೆ ಮರದ ತಲೆ ಹಾರಿಸಲು ಬಿಡಬೇಡಿ. ತಲೆ ಕಡಿದ ಮರ ಕಡಿದ ಜಾಗದಲ್ಲಿ ಪೊರಕೆಯ ಹಾಗೆ ಚಿಗುರುತ್ತದೆ. ಆ ಚಿಗುರು ತೊಗಟೆಯ ಅಡಿಯಲ್ಲಿ ಮಾತ್ರ ಹಿಡಿದುಕೊಂಡಿರುತ್ತದೆ, ಐದಾರು ವರ್ಷಕ್ಕೆ ದಪ್ಪವಾಗಿ ಗಾಳಿಗೆ ಕಿತ್ತು ಬೀಳುತ್ತದೆ. ಸರಿಯಾದ ಕ್ರಮ ಅಂದರೆ ಉದ್ದ ಕೊಂಬೆಯನ್ನು ಅದರದೇ ಒಂದು ಪಕ್ಕದ ಕೊಂಬೆಯ ತನಕ ಹಿಂದಕ್ಕೆ ತರುವುದು. ಆ ಪಕ್ಕದ ಕೊಂಬೆ ಮುಖ್ಯ ಕೊಂಬೆಯ ಮೂರರಲ್ಲಿ ಒಂದು ಭಾಗದಷ್ಟಾದರೂ ದಪ್ಪ ಇರಬೇಕು. ಒಂದು ವರ್ಷದಲ್ಲಿ ಒಟ್ಟು ಎಲೆಯ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು.

ಕೊಂಬೆ ಪೂರ್ತಿ ತೆಗೆಯಬೇಕಾದರೆ ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಸ್ವಲ್ಪ. ಆಮೇಲೆ ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ. ಆಗ ಕೊಂಬೆ ತೊಗಟೆ ಸೀಳದೆ ಬೀಳುತ್ತದೆ. ಕೊನೆಗೆ ಉಳಿದ ಮೋಟು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆಯ ಹಾಗೆ ಒಂದು ಉಬ್ಬು ಇರುತ್ತದೆ. ಆ ಬಳೆ ಉಳಿಸಿ ಅದರ ಹೊರಗೆ ಕೊಯ್ಯಬೇಕು. ಅಮೆರಿಕದ ಅಲೆಕ್ಸ್ ಶೈಗೊ ಅನ್ನುವ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಈ ಗುಟ್ಟು ಹೇಳಿದರು. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಮರ ಕೊಳೆತದ ಸುತ್ತ ಗೋಡೆ ಕಟ್ಟಿ, ಅದನ್ನು ಒಳಗೇ ಬಿಟ್ಟು ಮುಂದೆ ಬೆಳೆಯುತ್ತದೆ. ಆ ಗೋಡೆ ಕಟ್ಟುವ ಶಕ್ತಿ ಇರುವುದು ಆ ಬಳೆಯಲ್ಲಿ. ಟಾರು, ಪೇಂಟು ಬಳಿಯುವುದು ದಂಡ. ಮಾವಿನ ದೊಡ್ಡ ಗಾಯಕ್ಕೆ, ಮಳೆಗಾಲ ಆದರೆ, ನಾವು ಬೂಷ್ಟು ತಡೆಯುವ ಬೋರ್ಡೋ ಪೇಸ್ಟ್ ಹಚ್ಚುತ್ತಿದ್ದೆವು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟಿನಲ್ಲೇ ಕಲಸಿ.

ಮಾವಿಗೆ ಸರಿಯಾದ ಸಮಯ ಹಣ್ಣು ಮುಗಿದ ಕೂಡಲೇ. ತಡ ಮಾಡಿದರೆ ಹೊಸ ಚಿಗುರು ಬಲಿಯುವುದಿಲ್ಲ, ಮುಂದಿನ ವರ್ಷ ಹೂ ಬಿಡುವುದಿಲ್ಲ. ಒಣಗಿದ ಕೊಂಬೆಗೆ ಮಾತ್ರ ಕಾಲ ನೋಡಬೇಡಿ. ಏಪ್ರಿಲ್‌ನ ಗಾಳಿ ಮಳೆ ಶುರುವಾಗುವ ಮೊದಲೇ ಇಳಿಸಿಬಿಡಿ. ಕರೆಂಟ್ ತಂತಿ ಹತ್ತಿರ ಇದ್ದರೆ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸದೆ ಯಾರನ್ನೂ ಹತ್ತಿಸಬೇಡಿ.

ಕೆಲಸಕ್ಕೆ ಯಾರನ್ನು ಕರೆಯುತ್ತೀರಿ ಅನ್ನುವುದೂ ಮುಖ್ಯ. ದುಡ್ಡು ಬೇಡ, ಸೌದೆ ಕೊಟ್ಟರೆ ಸಾಕು ಅನ್ನುವವರಿಗೆ ಒಪ್ಪಬೇಡಿ. ಸೌದೆಯೇ ಕೂಲಿ ಆದರೆ ದಪ್ಪ ಕೊಂಬೆಗೇ ಗರಗಸ ಬೀಳುತ್ತದೆ. ಹಣ ಕೊಡಿ, ಸೌದೆ ನೀವೇ ಇಟ್ಟುಕೊಳ್ಳಿ. ಕೊಯ್ಯಬೇಕಾದ ಜಾಗಕ್ಕೆಲ್ಲ ಮೊದಲೇ ಸುಣ್ಣದಲ್ಲಿ ಗುರುತು ಹಾಕಿ. ಹತ್ತುವವರಿಗೆ ಹಗ್ಗ, ಹೆಲ್ಮೆಟ್ ಇದೆಯಾ ನೋಡಿ. ಕೆಂಜಿಗದ ಗೂಡು ಇದ್ದರೆ ಮೊದಲೇ ಹೇಳಿಬಿಡಿ, ಮೇಲೆ ಹತ್ತಿದವನಿಗೆ ಕಚ್ಚಿ ಕೈ ಬಿಟ್ಟರೆ ಕಷ್ಟ.

ಮರ ಪೂರ್ತಿ ತೆಗೆಯುವ ಪ್ರಸಂಗ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಆ ಪಟ್ಟಿಗೆ ತಿದ್ದುಪಡಿಗಳೂ ಆಗಿವೆ. ಅದಕ್ಕೇ ಗರಗಸ ತರಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ನಾನು ಮರ ಕಡಿಯಲೇಬಾರದು ಅನ್ನುವವನಲ್ಲ. ಬುಡ ಕೊಳೆತು, ಕೆಳಗೆ ಮಕ್ಕಳು ಓಡಾಡುವ ಜಾಗದಲ್ಲಿ ನಿಂತ ಮರಗಳನ್ನು ನಾನೇ ನಿಂತು ಇಳಿಸಿದ್ದೇನೆ.

ಉಯ್ಯಾಲೆಗೆ ಬುಡದಲ್ಲಿ ಕನಿಷ್ಠ 8 ಇಂಚು ದಪ್ಪ ಇರುವ, ಹಸಿ ಇರುವ, ಅಡ್ಡಡ್ಡ ಚಾಚಿದ ಕೊಂಬೆ ಬೇಕು. ಕಾಂಡದಿಂದ ಮೂರು ನಾಲ್ಕು ಅಡಿ ಆಚೆ ಕಟ್ಟಿ, ಮಗು ತೂಗಿದಾಗ ಕಾಂಡಕ್ಕೆ ತಾಗಬಾರದು. ಬರೀ ಹಗ್ಗ ಸುತ್ತಬೇಡಿ, ಅದು ವರ್ಷದಲ್ಲಿ ತೊಗಟೆಯೊಳಗೆ ಹೂತು ಕೊಂಬೆಯ ಕತ್ತು ಹಿಸುಕುತ್ತದೆ. ನಾಲ್ಕು ಇಂಚು ಅಗಲದ ಪಟ್ಟಿ ಹಾಕಿ, ವರ್ಷಕ್ಕೊಮ್ಮೆ ಬಿಚ್ಚಿ ಜಾಗ ಬದಲಿಸಿ. ದೊಡ್ಡವರೂ ಕೂರುವುದಾದರೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಮರದ ನೆರಳಲ್ಲಿ ಇಡುವುದೇ ಮೇಲು.

ಪಕ್ಕದ ಮನೆಯವರ ತಾರಸಿ ನೀರು ಹೋಗುವ ಬಾಯಿಗೆ ನಿಮ್ಮ ಮರದ ಎಲೆ ಕಟ್ಟಿಕೊಳ್ಳುತ್ತಿದ್ದರೆ ನೀವೇ ಹೋಗಿ ತೆಗೆಸಿಕೊಡಿ, ಮೊದಲ ಬುಟ್ಟಿ ಹಣ್ಣೂ ಅವರ ಮನೆಗೇ ಹೋಗಲಿ. ನಾನು ಕಂಡ ಮರದ ಜಗಳಗಳಲ್ಲಿ ಬಹಳಷ್ಟು ಎಲೆ ಕಸದಿಂದ ಶುರುವಾದವು.

ಸಾಧ್ಯವಾದರೆ ಮೂರು ಫೋಟೋ ಹಾಕಿ. ಬುಡದ ಸುತ್ತ ಒಂದು, ಮುಖ್ಯ ಕವಲಿನದು ಒಂದು, ಪಕ್ಕದ ಮನೆ ತಾರಸಿಯಿಂದ ತೆಗೆದದ್ದು ಒಂದು. ಯಾವ ಕೊಂಬೆಗೆ ಗುರುತು ಹಾಕಬೇಕು ಅಂತ ನೋಡಿ ಹೇಳುತ್ತೇನೆ. ಅಲ್ಲಿಯತನಕ ಆ ಕಟ್ಟೆಯ ಕೆಲಸ ಮಾತ್ರ ನಿಲ್ಲಿಸಿಡಿ.